ಅತ್ತೆಗೆ ಹದಿನೆಂಟು ತುಂಬದ ಹಬ್ಬ

ಬೆಳ್ಳಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಬಾರದು, ವಿಭೂತಿಯಲ್ಲೇ ಉಜ್ಜಬೇಕು ಎಂಬುದು ನಮ್ಮ ಅತ್ತೆಯವರ ಕಟ್ಟಳೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ನಾನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಕಳಶಕ್ಕೆ ಕಟ್ಟುವ ಅಮ್ಮನವರ ಬೆಳ್ಳಿ ಮುಖವನ್ನು ಮಡಿಲಲ್ಲಿ ಇಟ್ಟುಕೊಂಡು, ಮೂಗಿನ ಸಂದಿಯನ್ನು ಹಳೇ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಆಗ ಫೋನು ಬಂತು. ಕೈಯೆಲ್ಲ ಬೂದಿ. ಮಗಳು ಓಡಿಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು.

"ಏನಮ್ಮಾ, ನಿಮ್ಮತ್ತೆನ ಬಾಯಿ ಬಿಡಕ್ಕೆ ಬಿಡ್ತಾ ಇಲ್ಲ ಕಣಮ್ಮ," ಎಂದರು ಬಂಗಾರಪೇಟೆಯ ಅಕ್ಕ. "ನೋಡ್ಬೋದಂತೆ, ಕೇಳ್ಬೋದಂತೆ. ಆಡಂಗಿಲ್ಲವಂತೆ."

"ಯಾರಕ್ಕಾ ಹಾಗೆ ಅಂದೋರು?"

"ಇನ್ಯಾರು, ಆ ಆಪು! ಈ ವಾರದಿಂದ ವಯಸ್ಸಿಗೆ ಪುರಾವೆ ಬೇಕಂತೆ. ಅದಿನೆಂಟು ತುಂಬೈತೆ ಅಂತ ತೋರ್ಸೋವರ್ಗೂ ಬಾಯಿ ಮುಚ್ಕೊಂಡು ಕೂತಿರ್ಬೇಕಂತೆ."

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂಬುದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದರೆ ಹದಿನೆಂಟು ತುಂಬಿದೆ ಎಂಬ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಈ ಆಪಿನ ಸಂಗತಿ ಸ್ವಲ್ಪ ಹೇಳಬೇಕು. ಅತ್ತೆ ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಶುಕ್ರವಾರ ಸಂಜೆ ಲೈನಿನ ಹೆಂಗಸರೆಲ್ಲ ದೇವಸ್ಥಾನದಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಒಬ್ಬರು ಹೊಸೂರಿಗೆ, ಒಬ್ಬರು ಕೋಲಾರಕ್ಕೆ, ಇನ್ನೊಬ್ಬರು ಮಾಲೂರಿಗೆ ಎಂದು ಚೆದುರಿಹೋದರು. ಉಳಿದವರ ಜೊತೆ ಅತ್ತೆ ಹಾಡುತ್ತಲೇ ಇದ್ದರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ದೇವಸ್ಥಾನದ ಮೆಟ್ಟಿಲು ಹತ್ತುವುದು ನಿಂತುಹೋಯಿತು. ಆಗ ಬಂಗಾರಪೇಟೆಯ ಅಕ್ಕ, ಅವರೂ ಅದೇ ಲೈನಿನ ಮಗಳು, ಅತ್ತೆಯನ್ನು ಚಿಕ್ಕಮ್ಮ ಎನ್ನುವವರು, ಈ ಆಪಿನಲ್ಲಿ ಒಂದು ರೂಮು ಮಾಡಿ ಚೆದುರಿದವರನ್ನೆಲ್ಲ ಮತ್ತೆ ಕೂಡಿಸಿದರು. ಶುಕ್ರವಾರ ಸಂಜೆ ಎಲ್ಲರೂ ಅವರವರ ಮನೆಯಲ್ಲಿ ದೀಪ ಹಚ್ಚಿ, ಫೋನಿನ ಮುಂದೆ ಕೂತು ಹಾಡುವುದು. ಅತ್ತೆಗೆ ಉಳಿದಿರುವ ಹೊರಗಿನ ಲೋಕ ಎಂದರೆ ಅದೊಂದೇ.

ಹಬ್ಬದ ದಿನದ ಆರತಿ ಹಾಡು ಬೇರೆ ಇದೆ. ಅದು ಅತ್ತೆಯ ತಾಯಿಯಿಂದ ಬಂದದ್ದು; ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಒಂದೆರಡು ಕಡೆ ತಮಿಳು. ಉಳಿದವರು ಮೂರನೇ ನುಡಿಗೆ ಬರುವಷ್ಟರಲ್ಲಿ ಮರೆತು ಊಂ ಊಂ ಎನ್ನುತ್ತಾರೆ. ಅತ್ತೆ ಇಲ್ಲದಿದ್ದರೆ ಆರತಿ ನಡುದಾರಿಯಲ್ಲೇ ನಿಲ್ಲುತ್ತದೆ. ಆರತಿ ಎತ್ತಿದ ಮೇಲೆ ನಡುವೆ ನಿಲ್ಲಿಸುವುದು ಶುಭವಲ್ಲ.

"ನಿಮ್ಮನ್ನ ಒಳಗೆ ಬಿಡ್ತಾ ಅಕ್ಕಾ?" ಎಂದು ಕೇಳಿದೆ.

"ನನ್ನಾ? ಮುಖ ತೋರ್ಸಿದ್ ಕೂಡ್ಲೇ ಬಿಟ್ಬಿಡ್ತು," ಎಂದರು ಅಕ್ಕ. ದನಿಯಲ್ಲಿ ಬೇಜಾರಿತ್ತು. "ಒಂದು ಗಳಿಗೆನೂ ಯೋಚ್ನೆ ಮಾಡ್ಲಿಲ್ಲ ಕಣಮ್ಮ."

ಫೋನಿಟ್ಟ ಮೇಲೆ ಕೈ ತೊಳೆದು ಒಳಗೆ ಹೋದೆ. ಅತ್ತೆ ಆಗಷ್ಟೇ ಮಿಂದು, ಮುಖಕ್ಕೆ ಅರಿಶಿನ ಹಚ್ಚಿಕೊಂಡು, ಮಂಚದ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಹಲ್ಲಿನ ಸೆಟ್ಟು ಲೋಟದಲ್ಲಿತ್ತು. ಅತ್ತೆ ಮೊದಲೇ ಪುಟ್ಟ ಆಳು. ಸೆಟ್ಟು ತೆಗೆದರೆ ಮುಖ ಇನ್ನೂ ಪುಟ್ಟದಾಗುತ್ತದೆ. ವಿಷಯ ಹೇಳಿದೆ.

"ಮುಖ ತಾನೆ, ತೋರ್ಸಿದ್ರಾಯ್ತು ಬಿಡು," ಎಂದರು ಅತ್ತೆ. "ಮುಖ ತೋರ್ಸಕ್ಕೆ ನಾನೇನು ಓಡೋಗೋಳಾ?"

ಮಗಳು ಫೋನು ಹಿಡಿದಳು. ಪರದೆಯ ಮೇಲೆ ಒಂದು ಮೊಟ್ಟೆಯಾಕಾರದ ಗೆರೆ ಬಂತು. ಅದರೊಳಗೆ ಅತ್ತೆಯ ಮುಖ ಅರಿಶಿನದಲ್ಲಿ ಫಳಫಳ ಹೊಳೆಯಿತು. ಕಣ್ಣು ಮಿಟುಕಿಸಿ ಎಂದಿತು. ಅತ್ತೆ ಮಿಟುಕಿಸಿದರು. ಒಂದು ಚಕ್ರ ಗಿರಗಿರ ತಿರುಗಿ, ಆಮೇಲೆ ಅಚ್ಚ ಕನ್ನಡದಲ್ಲೇ ಬರೆದು ತೋರಿಸಿತು: ನೀವು ಅಪ್ರಾಪ್ತ ವಯಸ್ಕರಿರಬಹುದು. ದಯವಿಟ್ಟು ನಿಮ್ಮ ತಂದೆ ಅಥವಾ ತಾಯಿಯ ಒಪ್ಪಿಗೆ ಪಡೆಯಿರಿ.

ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅತ್ತೆ ಕೈಯಲ್ಲಿದ್ದ ದಾರ ಬಿಟ್ಟು ನನ್ನ ಮುಖ ನೋಡಿದರು.

"ನಮ್ಮಪ್ಪನ್ನ ಎಲ್ಲಿಂದ ಕರ್ಕೊಂಬರ್ಲೇ ಈಗ? ಆವಯ್ಯ ಓಗಿ ನಲ್ವತ್ತು ವರ್ಸ ಆಯ್ತಲ್ಲೇ!"

"ಅಜ್ಜೀ, ನಿಂಗೆ ಹದಿನಾರು ಕೂಡ ಆಗಿಲ್ಲ ಅಂತೆ," ಎಂದು ಮಗಳು ನಕ್ಕಳು. "ಇನ್ಮೇಲೆ ನಂಗೆ ಅಕ್ಕ ಅನ್ನು."

"ಮುಚ್ಚೇ ಬಾಯಿ, ಕತ್ತೆ!" ಎಂದರು ಅತ್ತೆ. ಆದರೆ ಗೋಡೆಯ ಕನ್ನಡಿಯ ಕಡೆ ಒಮ್ಮೆ ತಿರುಗಿ ನೋಡಿಕೊಂಡದ್ದನ್ನು ನಾನು ಕಂಡೆ. ದಿನಕ್ಕೆ ಒಂದಾದರೂ ದೇವರ ಸಣ್ಣ ದಯೆಯನ್ನು ಎಣಿಸುವುದು ನನ್ನ ಅಭ್ಯಾಸ. ಆ ದಿನದ ಲೆಕ್ಕಕ್ಕೆ ಆ ನೋಟವನ್ನು ಹಾಕಿಕೊಂಡೆ.

ಇನ್ನೊಂದು ದಾರಿಯೂ ಇತ್ತು. ಆಧಾರ್ ಕಾರ್ಡಿನ ಎರಡೂ ಕಡೆ ಫೋಟೋ ತೆಗೆದು ಕಳಿಸಬೇಕು. ಸಂಜೆ ನಮ್ಮ ಮನೆಯವರು ಕಾರ್ಖಾನೆಯಿಂದ ಬಂದು, ಚಪ್ಪಲಿ ಬಿಡುವ ಮುಂಚೆಯೇ ಬೇಡ ಎಂದರು.

"ಪಕ್ಕದ ಬೀದಿ ಅಕ್ಕನ ಕತೆ ಮರ್ತೋಯ್ತಾ?"

ಮರೆತಿರಲಿಲ್ಲ. ಅವರು ಯಾವುದೋ ಬಹುಮಾನದ ಕುಕ್ಕರಿಗೆಂದು ಕಾರ್ಡಿನ ಫೋಟೋ ಯಾರಿಗೋ ಕಳಿಸಿದ್ದರು. ಕುಕ್ಕರ್ ಬರಲಿಲ್ಲ. ಆದರೆ ಅವರ ಹೆಸರು, ವಿಳಾಸ ಹಾಕಿಕೊಂಡು ಎಲ್ಲೋ ಯಾರೋ ಬೋರ್‌ವೆಲ್ ಲಾರಿಯ ವ್ಯವಹಾರ ಶುರುಮಾಡಿದ್ದರು. ಒಂದು ಬೆಳಗ್ಗೆ ಕಾಮಸಮುದ್ರದ ಕಡೆಯ ರೈತರೊಬ್ಬರು ಬಸ್ಸು ಹಿಡಿದು ಬಂದು ಅವರ ಬಾಗಿಲಲ್ಲಿ ನಿಂತಿದ್ದರು. "ಲಾರಿ ಎಲ್ಲಮ್ಮಾ ನಿಲ್ಸಿದ್ದೀರಾ?" ಆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಇಡ್ಲಿ ಹಿಟ್ಟು ರುಬ್ಬುತ್ತಿದ್ದರು. ರೈತರು ಗ್ರೈಂಡರಿನ ಸದ್ದು ಕೇಳಿ, ಲಾರಿ ಹಿತ್ತಲಲ್ಲೇ ಇದೆ ಎಂದು ಬಹಳ ಹೊತ್ತು ನಂಬಿದ್ದರಂತೆ.

"ಅಮ್ಮನ ಕಾರ್ಡು ಕಳ್ಸಿದ್ರೆ ನಾಳೆ ಅಮ್ಮನ ಹೆಸರಲ್ಲಿ ಯಾವನು ಏನು ಓಡಿಸ್ತಾನೋ," ಎಂದರು ನಮ್ಮ ಮನೆಯವರು.

ಅಂಗಳದಲ್ಲಿ ಕೂತಿದ್ದ ಮಾವನಿಗೆ ಗಣಿಯಲ್ಲಿ ಡ್ರಿಲ್ ಹಿಡಿದು ಹಿಡಿದು ಕಿವಿ ಮಂದವಾಗಿದೆ. "ಲಾರಿ ಓಡಿಸ್ತಾಳಾ? ಯಾರು, ಇವ್ಳಾ?" ಎಂದರು. ಸ್ವಲ್ಪ ಯೋಚಿಸಿ, "ಓಡಿಸ್ತಾಳೆ ಬಿಡು, ನನ್ನೇ ಓಡಿಸಿಲ್ವಾ," ಎಂದರು.

ಮಗಳು ಮೂರನೇ ದಾರಿ ಹೇಳಿದಳು. "ನಾನೇ ಸೀರೆ ಉಟ್ಕೊಂಡು ಅಜ್ಜಿ ಬದ್ಲು ಮುಖ ತೋರಿಸ್ತೀನಿ. ನನ್ನ ಫ್ರೆಂಡ್ಸೆಲ್ಲ ಹಾಗೇ ಮಾಡೋದು. ಲಿಪ್‌ಸ್ಟಿಕ್ ಹಚ್ಚಿದ್ರೆ ಇಪ್ಪತ್ತೈದು ಅನ್ನತ್ತೆ."

ಅವಳಿಗೆ ಹದಿನಾರು. ಯಾರನ್ನು ತಡೆಯಬೇಕೆಂದು ಈ ಬಾಗಿಲು ಕಟ್ಟಿದ್ದಾರೋ ಅವರು ಲಿಪ್‌ಸ್ಟಿಕ್ ಹಚ್ಚಿಕೊಂಡು ದಾಟುತ್ತಾರೆ, ನಮ್ಮತ್ತೆ ಹೊರಗೆ. ನಾನು ಫೋನು ಕಿತ್ತುಕೊಂಡೆ. ಮಕ್ಕಳನ್ನು ಕಾಯಬಾರದು ಎಂದು ನಾನು ಹೇಳುವುದಿಲ್ಲ. ಹೆಣ್ಣುಮಗಳ ತಾಯಿ ನಾನು. ಫೋನಿನೊಳಗೆ ಏನೇನು ಬರುತ್ತದೆ ಎಂದು ಅಷ್ಟೋ ಇಷ್ಟೋ ಕಂಡಿದ್ದೇನೆ. ಆದರೆ ಗಂಡು ನೋಡುವಾಗಲೂ ನಾವು ಮಗಳ ಫೋಟೋವನ್ನು ಯಾರ ಕೈಗೆ ಹೋಗುತ್ತದೆ, ಯಾವ ಮನೆಗೆ ಹೋಗುತ್ತದೆ, ಒಪ್ಪದಿದ್ದರೆ ವಾಪಸ್ ಬರುತ್ತದೋ ಇಲ್ಲವೋ ಎಂದು ಕೇಳಿಯೇ ಕೊಡುವ ಜನ. ಇಲ್ಲಿ ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ, ಒಂದು ಮೊಟ್ಟೆಯ ಗೆರೆ ಮಾತ್ರ.

ಅತ್ತೆ ಇದನ್ನೇ ನನಗಿಂತ ಚೆನ್ನಾಗಿ ಹೇಳಿದರು. "ದೇವಸ್ಥಾನದಾಗೆ ಚಪ್ಪಲಿ ಬಿಟ್ರೆ ಟೋಕನ್ ಕೊಡ್ತಾರೆ. ಮುಖ ಬಿಟ್ಬಂದ್ರೆ ಏನ್ ಕೊಡ್ತಾರಂತೆ?"

ಹಾಗೆಂದು ಹೇಳಿದವರು ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ರಾತ್ರಿ ಊಟಕ್ಕೆ ಮುದ್ದೆ ಅರ್ಧವೇ ಸಾಕು ಎಂದರು. ಅತ್ತೆ ಮುದ್ದೆ ಬಿಟ್ಟರೆಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಶುಕ್ರವಾರ ಬೆಳಗ್ಗೆ ಕಳಶ ಇಟ್ಟೆ, ಬೆಳ್ಳಿ ಮುಖ ಕಟ್ಟಿದೆ, ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆಯನ್ನು ಮಡಿಕೆ ಹಿಡಿದು ಅಮ್ಮನವರಿಗೆ ಉಡಿಸಿದೆ. ಪೂಜೆ ಆಯಿತು, ಒಬ್ಬಟ್ಟು ಆಯಿತು. ಅತ್ತೆ ಎಲ್ಲಕ್ಕೂ ಕೈ ಮುಗಿದರು, ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಸಂಜೆ ಆರತಿಯ ಹೊತ್ತು ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

"ಇನ್ನೊಂದು ಸಲ ನೋಡೋಣ ಅತ್ತೆ. ಹಲ್ಲು ಹಾಕ್ಕೊಳ್ಳಿ. ನಿಮ್ಮ ಮುಖ, ನಿಮ್ಮಿಷ್ಟ. ಬೇಡ ಅಂದ್ರೆ ಬೇಡ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ನನ್ ಮುಖ ಓದ್ರೆ ಓಗ್ಲಿ ಬಿಡು, ಇನ್ನೆಷ್ಟ್ ದಿನ ಬೇಕು ಅದು," ಎಂದು ಲೋಟಕ್ಕೆ ಕೈ ಚಾಚಿದರು.

ಬೆಳಕು ಚೆನ್ನಾಗಿದ್ದದ್ದು ಕಳಶದ ಮುಂದೆ. ಎರಡು ದೀಪದ ಕಂಬ, ಮೇಲೆ ಸೀರಿಯಲ್ ಲೈಟು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಅಮ್ಮನವರ ಪಕ್ಕಕ್ಕೆ ತಂದೆ. ಮಗಳು ಫೋನನ್ನು ಒಬ್ಬಟ್ಟಿನ ಡಬ್ಬಿಗೆ ಒರಗಿಸಿದಳು. ಚೌಕಟ್ಟಿನೊಳಗೆ ಮುಖ ತನ್ನಿ ಎಂದಿತು ಫೋನು. ಅತ್ತೆ ಮುಂದಕ್ಕೆ ಬಾಗಿದರು, ಸೊಂಟ ನೋಯಿತು, ಹಿಂದಕ್ಕೆ ಒರಗಿದರು. ಮೊಟ್ಟೆಯ ಗೆರೆ ಅತ್ತ ಇತ್ತ ಅಲೆದಾಡಿತು. ಆಮೇಲೆ ನಿಧಾನವಾಗಿ ಹೋಗಿ ಅಮ್ಮನವರ ಬೆಳ್ಳಿ ಮುಖದ ಮೇಲೆ ಕೂತಿತು.

"ಅಯ್ಯೋ, ಅಲ್ಲಲ್ಲ, ಈ ಕಡೆ," ಎಂದಳು ಮಗಳು, ಫೋನಿಗೆ ಕಿವಿ ಇದೆ ಎಂಬಂತೆ.

ಕಣ್ಣು ಮಿಟುಕಿಸಿ ಎಂದು ಅಮ್ಮನವರಿಗೆ ಹೇಳಿತು ಫೋನು. ಸೀರಿಯಲ್ ಲೈಟು ಆರಿ ಹತ್ತಿತು. ಅಷ್ಟು ಸಾಕಾಯಿತು ಅದಕ್ಕೆ. ಈಗ ನಿಧಾನವಾಗಿ ಬಲಕ್ಕೆ ತಿರುಗಿ ಎಂದಿತು.

ನಾನು ಸುಳ್ಳು ಹೇಳುವವಳಲ್ಲ, ಅದೂ ಅಮ್ಮನವರ ವಿಷಯದಲ್ಲಿ. ಫ್ಯಾನಿನ ಗಾಳಿಯೋ, ಹೂವಿನ ಭಾರವೋ ತಿಳಿಯದು. ಅಮ್ಮನವರ ತಲೆಯ ಮೇಲಿದ್ದ ಸೇವಂತಿಗೆ ಬಲಗಡೆಗೆ ಜಾರಿ ಬಿತ್ತು. ಅದರ ಜೊತೆಗೆ ಮುಖವೂ ಕೂದಲೆಳೆಯಷ್ಟು ಬಲಕ್ಕೆ ವಾಲಿತು. ಬಲಗಡೆ ಹೂ ಬಿದ್ದರೆ ಅಮ್ಮ ವರ ಕೊಟ್ಟಳು ಎಂದು ಅರ್ಥ. ಅತ್ತೆ ಕೆನ್ನೆ ಬಡಿದುಕೊಂಡು ಕೈ ಮುಗಿದರು. ನಾನೂ ಮುಗಿದೆ.

ಧನ್ಯವಾದ, ನಿಮ್ಮ ವಯಸ್ಸು ದೃಢಪಟ್ಟಿದೆ, ಎಂದಿತು ಫೋನು.

ಮಗಳು ಅದನ್ನು ಎರಡು ಸಲ ಓದಿದಳು. ಆಮೇಲೆ ನಮ್ಮ ಮನೆಯವರು ಬಾಗಿಲಿಂದ, "ಅಂದ್ರೆ ಅದಿನೆಂಟು ತುಂಬೈತೆ ಅಂತ ಆಯ್ತಲ್ಲ ಲಕ್ಷ್ಮಮ್ಮಂಗೆ," ಎಂದರು.

ರೂಮು ತೆರೆಯಿತು. ಅತ್ತೆಯ ಹೆಸರಿನ ಪಕ್ಕದ ಗುಂಡು ಚಿತ್ರದಲ್ಲಿ ಅತ್ತೆ ಇರಲಿಲ್ಲ, ಅಮ್ಮನವರಿದ್ದರು. ಆ ಕಡೆಯಿಂದ ಹೊಸೂರಿನ ಒಬ್ಬರು, "ಅಮ್ಮಾ, ತಾಯೇ!" ಎಂದು ಕೂಗಿದರು. ಇನ್ನಾರೋ ಗಂಟೆ ಹೊಡೆದರು. ಮಾಲೂರಿನವರೊಬ್ಬರು ಫೋನಿಗೇ ಆರತಿ ಎತ್ತಲು ಹೋದರು; ಪರದೆ ಬಿಸಿಯಾಯಿತೆಂದು ಅವರ ಮಗ ಬೈಯುವುದು ಕೇಳಿಸಿತು.

ಅತ್ತೆ ಗಂಟಲು ಸರಿಮಾಡಿಕೊಂಡು ಹಾಡಲು ಬಾಯಿ ತೆರೆದರು. ಮೊದಲ ನುಡಿ ಮುಗಿಯುವಷ್ಟರಲ್ಲಿ ಸದ್ದು ನಿಂತಿತು. ಪರದೆಯ ಮೇಲೆ ಕೆಂಪು ಪಟ್ಟಿ: ನಿಮ್ಮ ಮುಖ ನೋಂದಾಯಿತ ಮುಖಕ್ಕೆ ಹೊಂದುತ್ತಿಲ್ಲ. ಮುಂದುವರಿಯಲು ಮೂಲ ವ್ಯಕ್ತಿ ಕ್ಯಾಮೆರಾದ ಮುಂದೆ ಬರಬೇಕು.

"ಏನಂತೆ?" ಎಂದರು ಅತ್ತೆ.

"ಮೂಲ ವ್ಯಕ್ತಿ ಬರ್ಬೇಕಂತೆ ಅಜ್ಜಿ."

ಅತ್ತೆ ಕಳಶದ ಕಡೆ ನೋಡಿದರು, ಫೋನಿನ ಕಡೆ ನೋಡಿದರು. "ಉಟ್ಟಿದಾಗಿಂದ ಅವ್ಳನ್ನ ಕರೀತಾನೇ ಇದೀನಿ," ಎಂದರು. "ಬಂದ್ರೆ ನಂಗೂ ಒಂದ್ ಮಾತು ಏಳು."

ಮಗಳು ಫೋನನ್ನು ಮತ್ತೆ ಅಮ್ಮನವರ ಕಡೆ ತಿರುಗಿಸಹೋದಳು. ಅತ್ತೆ ಅವಳ ಕೈ ಹಿಡಿದರು.

"ಬ್ಯಾಡ ಕಣೇ. ಒಂದ್ಸಲ ಅವ್ಳಾಗೇ ಜಾಮೀನು ನಿಂತ್ಳು, ಅದು ಅವ್ಳ ದಯೆ. ಎರಡ್ನೇ ಸಲ ನಾವು ನಿಲ್ಸಿದ್ರೆ ಅದು ಮೋಸ."

ಅತ್ತೆ ಹಲ್ಲು ತೆಗೆದು ಮತ್ತೆ ಲೋಟಕ್ಕೆ ಹಾಕಿದರು. ಅವರ ಪಾಲಿಗೆ ಹಬ್ಬ ಮುಗಿದಿತ್ತು. ಆ ಲೋಟದ ಸದ್ದನ್ನು ನಾನು ಮರೆತಿಲ್ಲ.

ಆಗ ಮಾಮೂಲಿ ಫೋನು ಹೊಡೆಯಿತು, ಬಂಗಾರಪೇಟೆಯ ಅಕ್ಕನದು. "ನಾವೆಲ್ಲ ಆ ರೂಮಿಂದ ಆಚೆ ಬಂದ್ಬಿಟ್ವಿ ಕಣಮ್ಮ. ಚಿಕ್ಕಮ್ಮ ಇಲ್ದೆ ಎಂಥಾ ಆರ್ತಿ? ಸುಮ್ನೆ ಫೋನಲ್ಲೇ ಆಡೋಣ. ಕಾನ್ಫರೆನ್ಸ್ ಆಕ್ತೀನಿ, ಇರು."

ಒಂದು ಫೋನಿಗೆ ನಾಲ್ಕೈದು ಜನರೇ ಹಿಡಿಯುವುದು. ನಮ್ಮವರು ಅದಕ್ಕಿಂತ ಬಹಳ ಹೆಚ್ಚು. ಅಕ್ಕ ತಮ್ಮ ಫೋನು, ಗಂಡನ ಫೋನು, ಸೊಸೆಯ ಫೋನು ಎಲ್ಲವನ್ನೂ ಸ್ಪೀಕರಿಗೆ ಹಾಕಿ, ಒಂದರ ಬಾಯಿಗೆ ಇನ್ನೊಂದರ ಕಿವಿ ಬರುವಂತೆ ಬಾಳೆಲೆಯ ಮೇಲೆ ತಲೆಕೆಳಗು ಜೋಡಿಸಿದರಂತೆ. ಯಾರು ಯಾರೋ ಹಲೋ ಹಲೋ ಎನ್ನತೊಡಗಿದರು. ಒಂದೇ ಹಲೋ ಮೂರು ಸಲ ಕೇಳಿಸುತ್ತಿತ್ತು.

"ನಿಲ್ರೇ! ಇದ್ರೊಳಗೆ ಯಾರ್ಯಾರು ಅವ್ರೆ ಅಂತ ಎಂಗೆ ಗೊತ್ತಾಗೋದು?" ಎಂದರು ಅಕ್ಕ. ಹಿಂದೊಮ್ಮೆ ಯಾವನೋ ಕುಡಿದವನು ರೂಮಿಗೆ ನುಗ್ಗಿ, ಭಜನೆಯ ನಡುವೆ ಸಿನಿಮಾ ಹಾಡು ಎತ್ತಿದ್ದ. ಅಂದಿನಿಂದ ಅವರಿಗೆ ಭಯ. "ಆ ಆಪು ಕೇಳೋದ್ರಾಗೂ ಒಂದಿಷ್ಟು ನ್ಯಾಯ ಐತೆ ಚಿಕ್ಕಮ್ಮ."

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಹಲ್ಲಿಲ್ಲದ ಬಾಯಲ್ಲೇ ಕೇಳಿದರು: "ಬೆಳಗಿನ ಮೊದಲ್ನೇ ಸಂಗು ಊದ್ದಾಗ ನಿಮ್ಮನೇಲಿ ಏನ್ ಮಾಡ್ತಿದ್ರಿ? ಒಬ್ಬೊಬ್ರೇ ಬಾಯ್ಬಿಟ್ಟು ಏಳ್ರಿ."

ಸಂಗು ಎಂದರೆ ಗಣಿಯ ಸೈರನ್ನು. ಪಾಳಿ ಬದಲಾಗುವಾಗ ಊರಿಗೆಲ್ಲ ಕೇಳುವಂತೆ ಊದುತ್ತಿತ್ತಂತೆ. ಗಣಿ ಮುಚ್ಚಿದಾಗ ಅದೂ ನಿಂತಿತು. ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಅದನ್ನು ಕೇಳಿ ನೆನಪಿಟ್ಟುಕೊಂಡವರು ಯಾರೂ ಹದಿನೆಂಟರ ಕೆಳಗಿರಲು ಸಾಧ್ಯವಿಲ್ಲ. ಕಾರ್ಡು ಬೇಡ, ಮುಖ ಬೇಡ, ಹುಟ್ಟಿದ ತಾರೀಖು ಬೇಡ.

"ನಾನು ನಲ್ಲಿ ಹತ್ರ ಬಿಂದಿಗೆ ಇಟ್ಟು ಜಗಳಕ್ಕೆ ನಿಂತಿದ್ದೆ," ಎಂದಿತು ಒಂದು ದನಿ.

"ನೀನೇ ಅಂತ ಗೊತ್ತಾಯ್ತು, ಒಳಗೆ ಬಾ," ಎಂದರು ಅತ್ತೆ.

"ನಮ್ಮಪ್ಪಂಗೆ ಟಿಫನ್ ಕ್ಯಾರಿಯರ್ ತುಂಬಿಸ್ತಿದ್ವಿ ಅಕ್ಕಾ."

"ನಾನು ತಲೆತುಂಬ ಕಂಬ್ಳಿ ಒದ್ಕೊಂಡು ಮಲಗ್ತಿದ್ದೆ. ನಮ್ಮಮ್ಮ ಸಂಗು ಮುಗಿಯೋವರ್ಗೂ ಒಡೀತಿದ್ಲು."

ಹೊಸೂರಿನವರು ಮಾತಾಡಲೇ ಇಲ್ಲ. "ಊಊಊ" ಎಂದು ಸಂಗನ್ನೇ ಊದಿ ತೋರಿಸಿದರು. ಅದು ಮೂರು ಫೋನು ದಾಟಿ ಮೂರು ಸಲ ಬಂತು. ಅಂಗಳದಲ್ಲಿ ಮಾವ ತಟ್ಟನೆ ಎದ್ದು ನಿಂತು ಚಪ್ಪಲಿಗಾಗಿ ಕಾಲಾಡಿಸಿದರು. ಆ ಮಂದ ಕಿವಿಗೆ ನಾನು ಊಟಕ್ಕೆ ಕರೆದರೆ ಕೇಳುವುದಿಲ್ಲ. ಇದು ಕೇಳಿತ್ತು.

ಎಲ್ಲರೂ ಮುಗಿದ ಮೇಲೆ ಅಕ್ಕ, "ಅಲ್ಲಿ ಇನ್ನೂ ಒಬ್ರು ಉಸಿರಾಡ್ತಾ ಇರೋದು ಕೇಳಿಸ್ತೈತೆ. ಅದ್ಯಾರು?" ಎಂದರು.

ಅದು ನಾನು. ನಾನು ಕಾಮಸಮುದ್ರದ ಕಡೆಯ ಹಳ್ಳಿಯವಳು. ಗಣಿ ಮುಚ್ಚಿದ ಮೇಲೆ ಮದುವೆಯಾಗಿ ಬಂದವಳು. ಸಂಗು ಕೇಳಿದವಳಲ್ಲ. "ನಂಗೆ ಗೊತ್ತಿಲ್ಲ ಅಕ್ಕಾ," ಎಂದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಲೆಯಲ್ಲಿ ನರೆ ಬಂದಿರುವ ನಾನು ಆ ಸಭೆಗೆ ಮೈನರ್ ಆಗಿಬಿಟ್ಟಿದ್ದೆ.

"ಅವ್ಳು ನಮ್ಮುಡ್ಗಿ," ಎಂದರು ಅತ್ತೆ. "ದೊಡ್ಡೋರ ಒಪ್ಗೆ ಬೇಕಲ್ವಾ? ನಾನ್ ಕೊಟ್ಟಿದ್ದೀನಿ. ಕೂತ್ಕೊಳ್ಲಿ ಬಿಡ್ರಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಆ ದಿನದ ದಯೆಯ ಲೆಕ್ಕ ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಅತ್ತೆ ಲೋಟಕ್ಕೆ ಕೈಹಾಕಿ, ಹಲ್ಲು ಕೂರಿಸಿಕೊಂಡು, ಹಾಡು ಎತ್ತಿದರು.

ಚೆನ್ನಾಗಿ ಬಂತು ಎಂದು ಹೇಳಲಾರೆ. ಅತ್ತೆ ಮೂರನೇ ನುಡಿಯಲ್ಲಿದ್ದಾಗ ಕೋಲಾರ ಎರಡರಲ್ಲಿತ್ತು, ಹೊಸೂರು ಒಂದರಲ್ಲೇ ಇತ್ತು. ನಡುವೆ ಯಾರದೋ ಕುಕ್ಕರ್ ಕೂಗಿತು. ಎಲ್ಲರೂ ಮರೆಯುವ ಜಾಗ ಬಂದಾಗ ಊಂ ಊಂ ಎಂದು ಎಲ್ಲ ಫೋನೂ ತಗ್ಗಿದವು. ಅತ್ತೆಯ ದನಿ ಒಂದೇ ನಡೆಯಿತು, ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ತಮಿಳಿಗೆ, ಎಲ್ಲೂ ನಿಲ್ಲದೆ. ನಾನು ಆರತಿ ಎತ್ತಿದೆ. ವಾಲಿದ ಮುಖದಲ್ಲೇ ಅಮ್ಮನವರು ನೋಡುತ್ತಿದ್ದರು. ಸರಿಪಡಿಸಲು ನನಗೆ ಮನಸ್ಸಾಗಲಿಲ್ಲ.

ಆರತಿ ಮುಗಿದ ಮೇಲೂ ಹೊಸೂರು ಇನ್ನೂ ಹಾಡುತ್ತಿತ್ತು. ಮುಗಿಸಲಿ ಎಂದು ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ತಾಳ ಹಾಕುತ್ತಾ ಕೂತರು. "ರಾತ್ರಿಗೆ ಮುದ್ದೆ ಮಾಡ್ತೀಯಾ?" ಎಂದು ನನ್ನ ಕಡೆ ತಿರುಗಿ ಕೇಳಿದರು.

"ಎಷ್ಟು ಅತ್ತೆ?"

"ಒಂದು. ದೊಡ್ಡದು."

ಒಲೆಯ ಮೇಲೆ ಎಸರಿಟ್ಟೆ. ಅದು ಕುದಿಯುವಷ್ಟರಲ್ಲಿ ತಾಂಬೂಲಕ್ಕೆ ಹೆಂಗಸರು ಬರುವವರಿದ್ದರು. ವೀಳ್ಯದೆಲೆಯ ಕಟ್ಟು ಬಿಚ್ಚಿ, ಒಂದೊಂದೇ ಎಲೆಯನ್ನು ನೀರಲ್ಲಿ ಅದ್ದಿ ಒರೆಸಲು ಕೂತೆ.